ಒಡ್ಡಿನ ಬುಡದ ಸಿಹಿನೀರು

ಹಸಿ ಜೇಡಿಮಣ್ಣಿನ ಒಳಗಿಂದ ಜಿನುಗಿ ಬರುವ ನೀರಿಗೆ ಒಂದು ವಾಸನೆ ಇರುತ್ತದೆ. ಮಳೆಯ ನೀರಿಗೆ ಅದಿಲ್ಲ, ಹೊಳೆಯ ನೀರಿಗೂ ಇಲ್ಲ. ತಂಪು, ಪಾಚಿ, ಸ್ವಲ್ಪ ತುಕ್ಕು ಹಿಡಿದ ಕಬ್ಬಿಣ, ಬಹಳ ದಿನ ಮುಚ್ಚಿಟ್ಟ ಗಡಿಗೆಯ ಬಾಯಿ ತೆಗೆದ ಹಾಗೆ. ಈ ಮಳೆಗಾಲದಲ್ಲಿ ಮುಂಡಗೋಡದ ಹತ್ತಿರದ ಇಂದೂರಿಗೆ ಹೋದಾಗ ಆ ವಾಸನೆ ಮತ್ತೆ ನನ್ನ ಮೂಗಿಗೆ ಬಡಿಯಿತು. ನನ್ನ ತಂಗಿಯ ಮಗ ಮಂಜು ತನ್ನ ಹೊಲದ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ ಸ್ವಂತದ್ದೊಂದು ಕೆರೆ ಮಾಡಿಕೊಂಡಿದ್ದಾನೆ. ಜೆಸಿಬಿ ತಂದು ಬೇಸಿಗೆಯಲ್ಲಿ ಕಟ್ಟಿಸಿದ್ದು, ಮಳೆ ಶುರುವಾದ ಸ್ವಲ್ಪ ದಿನಕ್ಕೇ ತುಂಬಿದೆ. ದೊಡ್ಡವ್ವನಿಗೆ ತೋರಿಸಬೇಕು ಅಂತ ಅಂಬೇವಾಡಿಯಿಂದ ನನ್ನನ್ನು ಕರೆಸಿದ್ದ. ಬಂದವರೆಲ್ಲ ಒಡ್ಡಿನ ಮೇಲೆ ನಿಂತು ನೀರು ಹಿಂದೆ ಕಾಣುವ ಹಾಗೆ ಫೋಟೋ ತೆಗೆಸಿಕೊಂಡರು. ನಾನು ಕೋಲು ಊರಿಕೊಂಡು ಒಣ ಕಡೆಯ ಇಳಿಜಾರಿಗೆ ಇಳಿದೆ.

"ದೊಡ್ಡವ್ವಾ, ಅತ್ತಾಗ ಯಾಕ ಹೊಂಟಿ? ನೀರು ಇತ್ತಾಗ ಐತಿ. ಅಲ್ಲಿ ಬರೇ ಕೆಸರು," ಅಂದ ಮಂಜು.

"ಕೆಸರು ನೋಡಾಕನ ಬಂದೇನಿ. ನಿನ್ನ ನೀರು ಎಲ್ಲಾರೂ ನೋಡ್ಯಾರ."

ಅವನು ನಕ್ಕ, ಆದರೆ ಕೈ ಹಿಡಿದು ಇಳಿಸಿದ. ಬುಡದಲ್ಲಿ ಒಂದು ಕಡೆ ಹುಲ್ಲು ಒದ್ದೆಯಾಗಿತ್ತು. ಬೆರಳು ಅದ್ದಿ ನೋಡಿದೆ. ನೀರು ತಿಳಿಯಾಗಿತ್ತು. "ದಿನಾ ಮುಂಜಾನೆ ಇಲ್ಲಿಗೆ ಬಾ. ಬಣ್ಣ ನೋಡು. ನಿನ್ನ ಹೇಣ್ತಿ ಬಂದು ನೋಡಿದ್ರ ಆಕಿ ಹೇಳಿದ್ದು ಕೇಳು," ಅಂದೆ. ಯಾಕೆ ಅಂತ ಕೇಳಿದ. ಆ ಏರು ಹತ್ತುವಾಗ ಅಷ್ಟೆಲ್ಲ ಹೇಳಲು ಉಸಿರು ಸಾಲಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜನಿಗೂ ಸ್ವಂತ ಕೆರೆ ಇತ್ತು. ಊರ ಕೆರೆಯಲ್ಲ, ಸರಕಾರದ್ದಲ್ಲ. ಅವನ ಹೊಲ, ಅವನ ಎತ್ತು, ಅವನ ಬೆನ್ನು. ಎರಡು ದಿಬ್ಬಗಳ ನಡುವೆ ಮಳೆ ನೀರು ಓಡಿ ಹೋಗುವ ಜಾಗಕ್ಕೆ ಮಣ್ಣು ಹೊತ್ತು ಹಾಕಿ, ಎತ್ತು ತುಳಿಸಿ, ದಮ್ಮಸು ಹೊಡೆದು ಒಡ್ಡು ಕಟ್ಟಿದ್ದ. ಕೆಳಗೆ ಭತ್ತದ ಗದ್ದೆ. ಗದ್ದೆಗೂ ಒಡ್ಡಿಗೂ ನಡುವೆ ನಮ್ಮ ಮನೆ. ಮಣ್ಣಿನ ಗೋಡೆ, ಮುಂದೆ ಕಟ್ಟೆ, ಪಡಸಾಲೆ, ಹಿಂದೆ ದನದ ಕೊಟ್ಟಿಗೆ. ಮನೆ ಒಡ್ಡಿಗೆ ಎಷ್ಟು ಹತ್ತಿರ ಅಂದರೆ ಸಂಜೆ ಅದರ ನೆರಳು ಮೊದಲು ಕೊಟ್ಟಿಗೆಯ ಮೇಲೆ, ಆಮೇಲೆ ಅಡಿಗೆಮನೆಯ ಮೇಲೆ ಬೀಳುತ್ತಿತ್ತು. ನನ್ನಪ್ಪ ಹಿರಿಯ ಮಗ. ಅವನು ದಾಂಡೇಲಿಯ ಕಾಗದದ ಮಿಲ್ಲಿಗೆ ಕೆಲಸಕ್ಕೆ ಸೇರಿ, ಅವ್ವನನ್ನೂ ಚಿಕ್ಕವರನ್ನೂ ಕರೆದುಕೊಂಡು ಹೋಗಿ ಒಂದು ಕೋಣೆಯಲ್ಲಿ ಇದ್ದ. ಆ ಕೋಣೆಯಲ್ಲಿ ನನಗೆ ಜಾಗ ಸಾಲದೆ ನಾನು ಅಜ್ಜನ ಮನೆಯಲ್ಲೇ ಉಳಿದೆ. ಅಜ್ಜ, ಆಯಿ ಅಂದರೆ ಅಪ್ಪನ ತಾಯಿ, ಅಪ್ಪನ ತಮ್ಮ ಫಕೀರಪ್ಪ ಕಾಕಾ, ಅವನ ಹೆಂಡತಿ ಶಾಂತಾ ಚಿಗವ್ವ, ನಾನು. ಅಷ್ಟೇ ಮನೆ. ಆ ಒಡ್ಡು ಒಂದು ಶ್ರಾವಣದಲ್ಲಿ ಒಡೆದು ಆಯಿಯನ್ನು ಕೊಂದಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ತನಕ ಮುಚ್ಚಿಟ್ಟು ಓದುವವರನ್ನು ಅಳಿಸುವ ಮನಸ್ಸು ನನಗಿಲ್ಲ.

ಅಜ್ಜ ಆ ಒಡ್ಡನ್ನು ನೋಡಿಕೊಂಡ ಹಾಗೆ ತನ್ನ ಮಕ್ಕಳನ್ನೂ ನೋಡಿಕೊಳ್ಳಲಿಲ್ಲ. ಬೇಸಿಗೆ ಕೊನೆಯಲ್ಲಿ ಬಡಿಗೆ ಹಿಡಿದು ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ನೆಲಕ್ಕೆ ಕುಟ್ಟುವುದು, ಕಿವಿಗೊಡುವುದು, ಮತ್ತೆ ಕುಟ್ಟುವುದು. ಟೊಳ್ಳು ಸದ್ದು ಬಂದ ಕಡೆ ಅಗೆದು ಇಲಿಯ ಬಿಲ, ಏಡಿಯ ಬಿಲ ಹುಡುಕಿ ಜೇಡಿ ತುಂಬುತ್ತಿದ್ದ. ಒಂದು ಮರದ ಸಸಿ ಎದ್ದರೆ ಕಿತ್ತು ಒಗೆಯುತ್ತಿದ್ದ, ಬೇರು ಒಳಗೆ ಹೋಗಿ ಒಣಗಿದರೆ ಅದೇ ನೀರಿಗೆ ದಾರಿ ಅಂತ. ಎಮ್ಮೆ ಹತ್ತುವ ಹಾಗಿಲ್ಲ, ಬಂಡಿ ಹೊಡೆಯುವ ಹಾಗಿಲ್ಲ, ನಾವು ಓಡುವ ಹಾಗಿಲ್ಲ. ನೀರು ಹೆಚ್ಚಾದರೆ ಹರಿದು ಹೋಗಲು ಬದಿಯಲ್ಲಿ ಬಿಟ್ಟ ಕೋಡಿಯ ಬಾಯಲ್ಲಿ ಕಸ ನಿಂತರೆ ಮಳೆಯಲ್ಲೇ ಹೋಗಿ ತೆಗೆಯುತ್ತಿದ್ದ. ಒಮ್ಮೆ ಕಾಕಾ, "ಅಪ್ಪಾ, ಎಷ್ಟು ಹೆದರತಿ ಅದಕ್ಕ? ಮಣ್ಣಿನ ಗುಡ್ಡಿ ಅದು," ಅಂದದ್ದಕ್ಕೆ ಅಜ್ಜ ತಲೆ ಎತ್ತದೆ ಹೇಳಿದ್ದ: "ನಮ್ಮ ಮಗ್ಗಲಾಗ ಎಮ್ಮಿ ಮಲಗಿದಂಗ ಇದು. ಒಮ್ಮೆ ಹೊಳ್ಳಿ ಮಲಗಿದ್ರ ಸಾಕು, ನಾವು ಇರಂಗಿಲ್ಲ." ಅಷ್ಟು ಎಚ್ಚರದ ಮನುಷ್ಯ. ಆದರೆ ಒಡ್ಡಿನ ಒಂದು ಜಾಗವನ್ನು ಅವನು ಕಟ್ಟಿದ ಮೇಲೆ ಮತ್ತೆ ಕಣ್ಣಲ್ಲಿ ನೋಡಿರಲಿಲ್ಲ. ಅದು ಕೊಟ್ಟಿಗೆಯ ಹಿಂದೆ, ಒಡ್ಡಿನ ಬುಡದಲ್ಲಿದ್ದ ವರ್ತಿ.

ವರ್ತಿ ಅಂದರೆ ನೀರು ಒಸರುವ ಜಾಗದಲ್ಲಿ ಕೆದರಿ ಮಾಡಿಕೊಂಡ ತಗ್ಗು. ಹಳ್ಳದ ಮರಳಲ್ಲಿ ಎಲ್ಲರೂ ಮಾಡುತ್ತಾರೆ. ನಮ್ಮದು ಒಡ್ಡಿನ ಬುಡದಲ್ಲಿತ್ತು. ಕೆರೆ ಮೊದಲ ಸಲ ತುಂಬಿದ ವರ್ಷವೇ ಅಲ್ಲಿ ನೀರು ಜಿನುಗಿತಂತೆ. ಆಯಿ ಸುತ್ತ ಕಲ್ಲು ಜೋಡಿಸಿ ಅದನ್ನು ತನ್ನದು ಮಾಡಿಕೊಂಡಳು. ನಮ್ಮ ಬಾವಿಯ ನೀರು ಗಡಸು, ಬೇಳೆ ಹಾಕಿದರೆ ಕಲ್ಲಿನ ಹಾಗೆ ಉಳಿಯುತ್ತಿತ್ತು. ವರ್ತಿಯ ನೀರಿನಲ್ಲಿ ಅದೇ ತೊಗರಿ ಬೆಣ್ಣೆಯಂತೆ ಕರಗುತ್ತಿತ್ತು. ಆಚೆ ಹೊಲದ ಮನೆಗಳ ಹೆಂಗಸರೂ ಕೊಡ ಹಿಡಿದು ಬರುತ್ತಿದ್ದರು. ಒಡ್ಡಿನ ಮರೆ ಇದ್ದದ್ದರಿಂದ ಹೆಂಗಸರು ಅಲ್ಲೇ ಮೈ ತೊಳೆಯುತ್ತಿದ್ದರು, ತಲೆ ಬಿಚ್ಚಿ ಹಾಕುತ್ತಿದ್ದರು, ಸೀರೆ ಒಗೆಯುತ್ತಿದ್ದರು. ಹಾಗಾಗಿ ಗಂಡಸರು ಆ ಕಡೆ ಹೋಗುವ ಹಾಗಿಲ್ಲ. ಯಾರೂ ಕೂತು ಮಾಡಿದ ಕಾಯಿದೆ ಅಲ್ಲ ಅದು, ಇತ್ತು. ಕೊಟ್ಟಿಗೆಯ ಹಿಂದೆ ಹೋಗಲೇಬೇಕಾದರೆ ಅಜ್ಜ ದೂರದಿಂದಲೇ ಕೆಮ್ಮುತ್ತಿದ್ದ. ಕೆಮ್ಮು ಕೇಳಿಸಿದರೂ ಯಾರೂ ಏಳದಿದ್ದರೆ ವಾಪಸು ಹೋಗುತ್ತಿದ್ದ.

ಬೇಸಿಗೆಯಲ್ಲಿ ಕೆರೆ ಇಳಿದ ಹಾಗೆ ವರ್ತಿಯ ನೀರೂ ಇಳಿಯುತ್ತಿತ್ತು. ಆಗ ಆಯಿ ತೆಂಗಿನ ಚಿಪ್ಪು, ಕಳೆ ತೆಗೆಯುವ ಕುರ್ಪಿ ತಂದು ಕೂತು ನೀರು ಬರುವ ಕಡೆಗೆ ಕೆದರುತ್ತಿದ್ದಳು. ನೀರು ಒಡ್ಡಿನ ಒಳಗಿಂದ ಬರುತ್ತಿತ್ತು, ಆಕೆಯ ಕೈಯೂ ಒಡ್ಡಿನ ಒಳಗೇ ಹೋಗುತ್ತಿತ್ತು. ಪ್ರತಿ ಬೇಸಿಗೆ ಸ್ವಲ್ಪ ಸ್ವಲ್ಪ. ನಾನು ಹುಟ್ಟುವ ಮೊದಲಿಂದ ನಡೆದ ಕೆಲಸ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಗೋಡೆಯಲ್ಲಿ ದೀಪ ಇಡುವ ಮಾಡದ ಹಾಗೆ ಆಗಿತ್ತು. ಆಯಿ ಬಗ್ಗಿ ಒಳಗೆ ಕೂತರೆ ಮೇಲೆ ಮಣ್ಣಿನ ಛಾವಣಿ. ಬಿಸಿಲಿನಲ್ಲಿ ಅಷ್ಟು ತಂಪಿನ ಜಾಗ ಇನ್ನೊಂದಿರಲಿಲ್ಲ. ಒಳಗೆ ಬದಿಯಲ್ಲಿ ಸಣ್ಣ ಗೂಡು ಕೊರೆದು ಅರಿಷಿಣದ ಕೊಂಬು, ಸೀಗೆಪುಡಿ ಇಡುತ್ತಿದ್ದಳು. ಮೇಲೆ ಅಜ್ಜ ಬಡಿಗೆ ಕುಟ್ಟುತ್ತ ಇಲಿಯ ಬಿಲ ಹುಡುಕುತ್ತಿದ್ದ, ಕೆಳಗೆ ಅವನ ಹೆಂಡತಿ ಒಡ್ಡಿನ ಹೊಟ್ಟೆಯೊಳಗೆ ಕೂತು ನೀರು ತುಂಬುತ್ತಿದ್ದಳು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆಗ ಅದು ನಮಗೆ ಮನೆಯ ಇನ್ನೊಂದು ಕೋಣೆ.

ಒಳ್ಳೆಯ ಕೋಣೆ ಅಂತಲೇ ಹೇಳಬೇಕು. ಮನೆಯಲ್ಲಿ ಆಯಿ ಮಾತಾಡುತ್ತಿದ್ದದ್ದು ಕಡಿಮೆ. ಗಂಡನೊಡನೆ ನೇರ ಮಾತೇ ಇಲ್ಲ. ಆ ಕಾಲದಲ್ಲಿ ಹಾಗೇ. ಅಜ್ಜ ಕಂಬದ ಕಡೆ ನೋಡಿ, "ರೊಟ್ಟಿ ಆಗ್ಯಾವೇನು?" ಅನ್ನುತ್ತಿದ್ದ. ಆಯಿ ನನ್ನ ಕಡೆ ನೋಡಿ, "ಆಗ್ಯಾವು, ಕೈ ತೊಳಕೋ ಅಂತ ಹೇಳು," ಅನ್ನುತ್ತಿದ್ದಳು. ಎದುರಿಗೇ ಕೂತ ಮನುಷ್ಯನಿಗೆ ನಾನು ಅದನ್ನೇ ಮತ್ತೆ ಹೇಳಬೇಕು. ವರ್ತಿಗೆ ಹೋದರೆ ಮಾತ್ರ ಆಕೆ ಬೇರೆ ಹೆಂಗಸು. ಹಾಡು, ನಗೆ, ಊರವರ ಅಣಕು. ಶಾಂತಾ ಚಿಗವ್ವ ನವಲಗುಂದದ ಕಡೆಯವಳು, ಕಪ್ಪು ನೆಲ, ಕುಡಿಯಲು ಕೆರೆಯ ಕದಡಿದ ನೀರಿಗೆ ಪಟಿಕ ತಿರುಗಿಸಿ ತಿಳಿ ಮಾಡಿಕೊಳ್ಳುವ ಊರು. ಮದುವೆಯಾಗಿ ಬಂದ ಹೊಸದರಲ್ಲಿ ವರ್ತಿಯ ನೀರು ಬೊಗಸೆಯಲ್ಲಿ ಹಿಡಿದು ನೋಡಿ ನೋಡಿ ಚೆಲ್ಲುತ್ತಿದ್ದಳು. "ಕುಡೀ, ಹುಡುಗಿ. ನೋಡಿದ್ರ ನೀರಡಿಕಿ ಹೋಗಂಗಿಲ್ಲ," ಅಂತ ಆಯಿ ನಗುತ್ತಿದ್ದಳು. ಅತ್ತೆ ಸೊಸೆ ಮನೆಯಲ್ಲಿ ಬಿಗಿ, ವರ್ತಿಯಲ್ಲಿ ಗೆಳತಿಯರು. ಒಬ್ಬರ ತಲೆ ಒಬ್ಬರು ಬಾಚಿಕೊಂಡು ಹೊತ್ತು ಕಳೆಯುತ್ತಿದ್ದರು. ನಿಮ್ಮ ಮನೆಗಳಲ್ಲಿಯೂ ಅಂಥದೊಂದು ಮೂಲೆ ಇದ್ದಿರಬೇಕು. ಬಾವಿಯ ಕಟ್ಟೆಯೋ, ಹಿತ್ತಿಲ ಬಚ್ಚಲೋ. ಈಗ ನಲ್ಲಿ ಬಂದಿದೆ, ಅವರವರ ನೀರು ಅವರವರ ಮನೆಯೊಳಗೆ. ಒಳ್ಳೆಯದೇ ಆಯಿತು. ಆದರೂ ಆ ನಗೆ ಎಲ್ಲಿಗೆ ಹೋಯಿತು ಅಂತ ನನಗೆ ತಿಳಿಯದು.

ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಆಷಾಢದಲ್ಲೇ ಕೆರೆ ತುಂಬಿ ಕೋಡಿ ಹರಿಯಿತು. ವರ್ತಿಗೆ ಯಾವತ್ತೂ ಇಲ್ಲದಷ್ಟು ನೀರು. ಶ್ರಾವಣ ಹಿಡಿದ ಮೇಲೆ ಒಂದು ಮುಂಜಾನೆ ನಾವು ಹೋದಾಗ ತಗ್ಗಿನ ತಳದಲ್ಲಿ ಮರಳು ಕುಣಿಯುತ್ತಿತ್ತು. ಅನ್ನದ ಗಡಿಗೆಗೆ ಕುದಿ ಬಂದಾಗ ಅಕ್ಕಿ ಮೇಲೆ ಕೆಳಗೆ ಆಗುತ್ತದಲ್ಲ, ಹಾಗೆ. ನಾನು ಚಪ್ಪಾಳೆ ತಟ್ಟಿದೆ. ಚಿಗವ್ವ ಕೈ ಅದ್ದಿ ತೆಗೆದಳು. ಬೆರಳ ಸಂದಿಯಲ್ಲಿ ನುಣ್ಣಗಿನ ಹಳದಿ ಮಣ್ಣು.

"ಅತ್ಯಾರ, ಇದು ಕುದಿಯಾಕತ್ತೈತ್ರಿ," ಅಂದಳು.

"ಗಂಗವ್ವ ನಗಾಕತ್ಯಾಳ ತಗೋ. ಇಷ್ಟು ವರ್ಷದಾಗ ಹಿಂಗ ನಕ್ಕಿದ್ದಿಲ್ಲ," ಅಂದಳು ಆಯಿ. "ಸೋಮವಾರ ಉಡಿ ತುಂಬೂಣು."

"ಈ ಮಣ್ಣು ಎಲ್ಲಿಂದ ಬರ್ತೈತ್ರಿ? ನಿನ್ನೆ ತಗದು ಚೆಲ್ಲೇನಿ. ಮತ್ತ ಗುಡ್ಡಿ ಬಿದ್ದೈತಿ."

"ಆಕಿ ಹೊಟ್ಟ್ಯಾಗಿಂದ ಬರ್ತೈತಿ. ಕುಂಕುಮ ಹಚ್ಚು, ಸಾಕು ಪಂಚಾಯ್ತಿ."

ಆಯಿಯನ್ನು ದಡ್ಡಿ ಅಂತ ನಾನು ಅನ್ನುವುದಿಲ್ಲ. ಬಾವಿಯಲ್ಲಿ ಸೆಲೆ ಒಡೆದರೆ, ಹಳ್ಳಕ್ಕೆ ಹೊಸ ನೀರು ಬಂದರೆ, ಗಂಗೆ ಹೆಣ್ಣುಮಗಳು ಅಂತ ಹಸಿರು ಖಣ, ಅಕ್ಕಿ, ಎಲೆ, ಅಡಿಕೆ ಇಟ್ಟು ಉಡಿ ತುಂಬುವುದನ್ನು ಆಕೆ ತನ್ನ ತಾಯಿಯಿಂದ ಕಲಿತಿದ್ದಳು. ನೀರು ಹೆಚ್ಚು ಬಂದದ್ದು, ಅದರೊಡನೆ ಒಡ್ಡಿನ ಒಳಗಿನ ಮಣ್ಣು ಕೊಚ್ಚಿ ಬಂದದ್ದು ಹೆದರುವ ಸಂಗತಿ ಅಂತ ಆಕೆಗೆ ಯಾರೂ ಕಲಿಸಿರಲಿಲ್ಲ. ಕಲಿಸಬಲ್ಲವನು ಒಬ್ಬನೇ ಇದ್ದ. ಅವನು ದೂರದಲ್ಲಿ ಕೆಮ್ಮಿ ವಾಪಸು ಹೋಗುತ್ತಿದ್ದ.

ಚಿಗವ್ವನಿಗೆ ಮಾತ್ರ ಸಮಾಧಾನ ಆಗಲಿಲ್ಲ. ಆಕೆಗೆ ಒಡ್ಡಿನ ಶಾಸ್ತ್ರ ಏನೂ ಗೊತ್ತಿರಲಿಲ್ಲ, ದಿನಾ ತೆಗೆದ ಮಣ್ಣು ದಿನಾ ತುಂಬುತ್ತದೆ ಅನ್ನುವುದಷ್ಟೇ ಕಣ್ಣಿಗೆ ಬಿದ್ದಿತ್ತು. ರೊಟ್ಟಿ ಬಡಿಸುವಾಗ ಕಾಕಾನಿಗೆ ಹೇಳಿದಳು. "ಮಾವಾರಿಗೆ ಒಂದ್ಮಾತು ಹೇಳ್ರಿ." ಕಾಕಾ ನಕ್ಕುಬಿಟ್ಟ. "ಹೆಂಗಸರು ಮೈ ತೊಳ್ಯೂ ಜಾಗಾದ ಸುದ್ದಿ ಅಪ್ಪನ ಮುಂದ ನಾ ಹೆಂಗ ಎತ್ತಲಿ? ನೀ ಅಲ್ಲಿ ಏನು ನೋಡಾಕ ಹೋಗಿದ್ದಿ ಅಂದ್ರ?" ಅಂದ. ಅವನು ಕೆಟ್ಟವನಲ್ಲ. ನಾಚಿಕೆ ಅವನದೂ ಅಷ್ಟೇ ಇತ್ತು. ಹೇಳುತ್ತೇನೆ, ಹೇಳುತ್ತೇನೆ ಅಂದ, ಸೋಮವಾರ ಬೆಳಿಗ್ಗೆ ಬಂಡಿ ಹೂಡಿಕೊಂಡು ಮುಂಡಗೋಡಕ್ಕೆ ಹೋದ.

ಆ ಸೋಮವಾರ ಮೊದಲು ನೀರಿಗೆ ಹೋದವಳು ಚಿಗವ್ವ. ಖಾಲಿ ಕೊಡ ಹಿಡಿದು ತಿರುಗಿ ಬಂದಳು. ನೀರು ಕೆಂಪಾಗಿತ್ತು, ಸುಣ್ಣ ಅರಿಷಿಣ ಕಲಸಿದ ಓಕುಳಿಯ ಹಾಗೆ. ಮಳೆ ಜೋರಾಗಿದ್ದಕ್ಕೆ ಹಾಗಾಗಿದೆ, ಪೂಜೆ ಮಾಡಿದರೆ ತಿಳಿಯಾಗುತ್ತದೆ ಅಂತ ಹೇಳಿ ಆಯಿ ತಟ್ಟೆಯಲ್ಲಿ ಉಡಿಯ ಸಾಮಾನು ಇಟ್ಟುಕೊಂಡು ಹೊರಟಳು. ಚಿಗವ್ವ ಹೋಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಅಜ್ಜ ಹಗ್ಗ ಹೊಸೆಯುತ್ತ ಕೂತಿದ್ದ. ಆಕೆ ಬಾಯಿ ತೆರೆದಳು. ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯನ ಮುಂದೆ ಒಂದು ಶಬ್ದ ಆಡಿದವಳಲ್ಲ. ಸೊಸೆ ಬಾಗಿಲಲ್ಲಿ ನಿಂತರೆ ಮಾವ ಎದ್ದು ಹಾದಿ ಬಿಡುವುದು ಮರ್ಯಾದೆ. ಆಕೆಗೆ ಒಳಗೆ ಏನೋ ಕೆಲಸವಿದೆ ಅಂದುಕೊಂಡು ಅಜ್ಜ ಹಗ್ಗ ಬಿಟ್ಟು ಎದ್ದ, ಮುಖ ಆಚೆ ತಿರುಗಿಸಿಕೊಂಡು, ಬಡಿಗೆ ತೆಗೆದುಕೊಂಡು ಒಡ್ಡಿನ ಕಡೆ ನಡೆದ. ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ ನನ್ನ ರಟ್ಟೆ ಹಿಡಿದು, "ಓಡು. ವರ್ತ್ಯಾಗ ಕೆಂಪ ನೀರು ಬಂದೈತಿ ಅಂತ ನಿಮ್ಮಜ್ಜಗ ಹೇಳು. ಕುದಿಯಾಕತ್ತೈತಿ ಅನ್ನು," ಅಂದಳು.

ನಾನು ಓಡಿದೆ. ಅಜ್ಜ ಒಡ್ಡಿನ ತುದಿಗೆ ಹತ್ತಿದ್ದ. ಹೇಳಿದೆ. ಅವನು ಮತ್ತೊಮ್ಮೆ ಕೇಳಲಿಲ್ಲ. ಬಡಿಗೆ ಒಗೆದು, "ನೀ ಇಲ್ಲೇ ದಿಬ್ಬದ ಮ್ಯಾಲ ನಿಲ್ಲು, ಇಳೀಬ್ಯಾಡ," ಅಂದು ಇಳಿಜಾರಿನಲ್ಲಿ ಕೆಳಗೆ ಓಡಿದ. ಕೆಮ್ಮಲಿಲ್ಲ. ಆಯಿ ಮಾಡದೊಳಗೆ ಕೂತು ಖಣ ಬಿಡಿಸಿ ಇಡುತ್ತಿದ್ದಳು, ಸೆರಗು ಜಾರಿತ್ತು. ಗಂಡ ಬಂದದ್ದು ನೋಡಿ ಸೆರಗು ಎಳೆದುಕೊಂಡು ಬೈದಳು. ನಾನು ಮೇಲಿಂದ ಕೇಳಿದೆ. "ಇಲ್ಯಾಕ ಬಂದ್ರಿ? ನಾಚಿಕಿ ಬ್ಯಾಡ? ಹೆಣ್ಮಕ್ಕಳ ಜಾಗಾ ಇದು." ನಾನು ಹುಟ್ಟಿದ ಮೇಲೆ ಆಕೆ ಅವನಿಗೆ ನೇರವಾಗಿ ಆಡಿದ ಮಾತು ಕೇಳಿದ್ದು ಅದೇ. ಅಜ್ಜ, "ನೀಲವ್ವಾ, ಹೊರಗ ಬಾ," ಅಂದ. ಆಕೆಯ ಹೆಸರು ನೀಲವ್ವ ಅಂತ ಅವನ ಬಾಯಲ್ಲಿ ಕೇಳಿದ್ದೂ ಅದೇ. ಆಕೆ ಹೊರಗೆ ಬರಲು ಬಗ್ಗಿದಳು, ಅಷ್ಟರಲ್ಲಿ ಛಾವಣಿ ಕುಸಿಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಕಂಬಳಿ ನೆಲಕ್ಕೆ ಬಿದ್ದ ಹಾಗೆ ಆಯಿತು. ಆಮೇಲೆ ಆ ತೂತಿನಿಂದ ನೀರು ಬಂತು. ಮೇಲಿನ ಮಣ್ಣು ಒಂದು ಗಳಿಗೆ ಸೇತುವೆಯಂತೆ ನಿಂತು ಕೂತುಬಿಟ್ಟಿತು. ಅಜ್ಜನನ್ನು ನೀರು ಬದಿಗೆ ಎಸೆದು ಹೋಯಿತು, ಅವನು ಹೊಂಗೆಯ ಗಿಡ ಹಿಡಿದು ಉಳಿದ. ಚಿಗವ್ವ ಅಷ್ಟರಲ್ಲಿ ದನಗಳ ಕಣ್ಣಿ ಬಿಚ್ಚಿ ಅವುಗಳ ಹಿಂದೆಯೇ ದಿಬ್ಬಕ್ಕೆ ಹತ್ತಿದ್ದಳು. ಕೊಟ್ಟಿಗೆ, ಅಡಿಗೆಮನೆ, ಹಿಂದಿನ ಗೋಡೆ ಕರಗಿ ಗದ್ದೆಗೆ ಹೋದವು. ನಾಟಿ ಮಾಡಿದ ಭತ್ತದ ಮೇಲೆ ಕೆಸರು ಹರಡಿತು. ಆಯಿ ಮಧ್ಯಾಹ್ನ ಸಿಕ್ಕಳು, ಕೆಳಗಿನ ಗದ್ದೆಯ ಬದುವಿನಲ್ಲಿ. ಬಾಯಲ್ಲಿ ಮೂಗಲ್ಲಿ ಅದೇ ಹಳದಿ ಮಣ್ಣು. ಚಿಗವ್ವ ತನ್ನ ಸೆರಗಿನಿಂದ ಒರೆಸಿದಳು. ಬಂದ ಹೆಂಗಸರು, ಗಂಗವ್ವ ತನ್ನ ಕಡೆ ಕರೆದುಕೊಂಡಳು, ಪುಣ್ಯದ ಸಾವು ಅಂದರು. ಹಾಗೆ ಅನ್ನದೆ ಇನ್ನೇನು ಅನ್ನಬೇಕು. ತಾಲೂಕು ಆಫೀಸಿನಿಂದ ಒಬ್ಬ ಬಂದು ನೋಡಿ, ಸ್ವಂತದ ಕೆರೆ, ನಿಮ್ಮ ನೀರು ನಿಮ್ಮ ಜವಾಬ್ದಾರಿ ಅಂತ ಹೇಳಿ ಹೋದ. ಅದೂ ಸುಳ್ಳಲ್ಲ.

ಮನೆಯ ಮುಂದಿನ ಭಾಗ ಉಳಿದಿತ್ತು, ಪಡಸಾಲೆ ಮತ್ತು ಕಟ್ಟೆ. ಹಿಂದೆ ತಗಡು ಕಟ್ಟಿಕೊಂಡು ಬೇಸಿಗೆಯ ತನಕ ಅಲ್ಲೇ ಇದ್ದೆವು. ಕಾಕಾ ದಿನಕರ್ಮ ಮುಗಿದ ಮೇಲೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಜ್ಜ ಹಗಲೆಲ್ಲ ಒಡ್ಡಿನ ಬಾಯಿಬಿಟ್ಟ ಜಾಗದಲ್ಲಿ ಕೂತಿರುತ್ತಿದ್ದ. ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತು, ರೂಢಿಯಂತೆ ಕಂಬದ ಕಡೆ ನೋಡಿ ಕೇಳಿದ: "ಇಷ್ಟು ದಿನ ಮಾಡ ಕೊರದಾರ, ಮಣ್ಣು ಬಂದೈತಿ. ನನಗ ಯಾರೂ ಯಾಕ ಹೇಳಲಿಲ್ಲ?" ಕಾಕಾ ತಲೆ ತಗ್ಗಿಸಿದ. ಬಾಗಿಲ ಹಿಂದಿನಿಂದ ಚಿಗವ್ವ ಹೊರಗೆ ಬಂದಳು. ಸೆರಗು ತಲೆಯ ಮೇಲಿತ್ತು, ಮುಖ ಎತ್ತಿದ್ದಳು.

"ನೀವು ಅಲ್ಲಿಗೆ ಬರತಿದ್ದಿಲ್ರಿ ಮಾವಾರ. ನಾ ಇಲ್ಲಿ ಮಾತಾಡತಿದ್ದಿಲ್ರಿ."

ಅಜ್ಜ ಏಳಲಿಲ್ಲ. ಹಾದಿ ಬಿಡಲಿಲ್ಲ. "ಕೂಡ್ರು," ಅಂದ. ಆಕೆ ಹೊಸ್ತಿಲ ಮೇಲೆ ಕೂತಳು. ನೋಡಿದವರು ಏನಾದರೂ ಅನ್ನಲಿ ಅಂತ, ಅವತ್ತಿನಿಂದ ಮಾವ ಸೊಸೆ ಸಂಜೆ ಮಾತಿಗೆ ಕೂಡುವುದು ಶುರುವಾಯಿತು. ದೊಡ್ಡ ಮಾತೇನಲ್ಲ. ಎತ್ತಿನ ಕಾಲು, ಉಪ್ಪು, ಮೋಡ. ಒಂದು ದಿನ ಅಜ್ಜ ಕೇಳಿದ, "ಆಕಿ ಅಲ್ಲಿ ಏನ್ ಮಾತಾಡತಿದ್ಲು?"

ಚಿಗವ್ವ ಹೇಳಿದಳು. ಮದುವೆಯಾದ ಹೊಸದರಲ್ಲಿ ಅಜ್ಜ ಸಂತೆಯಿಂದ ಬಳೆ ತಂದಿದ್ದನಂತೆ. ಕೈಗೆ ಕೊಡಲು ನಾಚಿ, ಕಾಗದದಲ್ಲಿ ಸುತ್ತಿ ಭತ್ತದ ಗಡಿಗೆಯಲ್ಲಿ ಇಟ್ಟಿದ್ದನಂತೆ, ಆಕೆಗೆ ತಾನಾಗಿ ಸಿಗಲಿ ಅಂತ. ಆಕೆ ನಸುಕಿನ ಕತ್ತಲಲ್ಲಿ ಎದ್ದು ಗಡಿಗೆ ಒರಳಿಗೆ ಸುರುವಿ ಒನಕೆ ಹಾಕಿದಳಂತೆ. ಚೂರು ಕಂಡ ಮೇಲೆ ತಿಳಿಯಿತು. ತನ್ನ ಅತ್ತೆಗೆ ಗೊತ್ತಾದರೆ ಬೈಗುಳ ಅಂತ ಅಕ್ಕಿಯೊಳಗಿನ ಗಾಜು ಕೂತು ಆರಿಸಿ ಹಿತ್ತಿಲಲ್ಲಿ ಹುಗಿದಳು. ಗಂಡನಿಗೂ ಹೇಳಲಿಲ್ಲ.

"ಅದನ್ನ ನೆನಿಸಿ ಭಾಳ ನಗತಿದ್ರು," ಅಂದಳು ಚಿಗವ್ವ. "ಅಂವಗ ಇನ್ನೂ ಗೊತ್ತಿಲ್ಲ ಅಂತಿದ್ರು."

ಅಜ್ಜ ಕೈಯಿಂದ ಮುಖ ಉಜ್ಜಿಕೊಂಡ. "ಹಾಕ್ಕೊಳ್ಳಲಿಲ್ಲ ಆಕಿ. ಸೇರಲಿಲ್ಲ ಅಂತ ತಿಳಕೊಂಡೆ. ಮತ್ತ ತರಲಿಲ್ಲ." ಕೈ ಇಳಿಸಿ ಕೇಳಿದ, "ಯಾವ ಬಣ್ಣ ಇದ್ವು ಅಂದ್ಲು?"

"ಹಸರು ಅಂದಿದ್ರು."

"ಹೌದು," ಅಂದ ಅಜ್ಜ. "ಹಸರ."

ಬೇಸಿಗೆಗೆ ಆ ಮನೆ ಬಿಟ್ಟೆವು. ಅದು ನಿಂತಿದ್ದ ಜಾಗ ಇವತ್ತು ನನಗೂ ಗುರುತು ಸಿಗುವುದಿಲ್ಲ. ಬಿಡುವ ತನಕ ಪ್ರತಿ ಸಂಜೆ ಅವನು ಕೇಳುತ್ತಿದ್ದ, ಆಕೆ ಹೇಳುತ್ತಿದ್ದಳು, ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ಹೆಂಡತಿಯ ಸುದ್ದಿ.